ಭಾವನ ಕಾರಿಗೆ ಅರ್ಥವಿಲ್ಲ

ಕಾರು ಎಂಬುದು ಕನ್ನಡದಲ್ಲಿ ನಾಮಪದವೂ ಹೌದು, ಕ್ರಿಯಾಪದವೂ ಹೌದು. ನನ್ನ ಭಾವ ಕೊಂಡು ತಂದದ್ದು ಎರಡನೆಯದು. ಅದು ನಿಂತಲ್ಲಿ ಎಣ್ಣೆ ಕಾರುತ್ತಿತ್ತು, ಏರಿನಲ್ಲಿ ಹೊಗೆ ಕಾರುತ್ತಿತ್ತು. ಅದರ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ಭಾವ ಕಿಡಿ ಕಾರುತ್ತಿದ್ದರು.

ಉದ್ದನೆಯ ಕಪ್ಪು ಸೆಡಾನು. ಹೊಸದಾಗಿದ್ದಾಗ ಅದರ ಹಿಂದಿನ ಸೀಟಿನಲ್ಲಿ ಯಾವನೋ ಭಾರೀ ಕುಳ ಕೂತು ಪೇಪರು ಓದಿರಬೇಕು. ಭಾವನಿಗೆ ಸಿಗುವ ಹೊತ್ತಿಗೆ ಅದು ಎಷ್ಟು ಕೈ ದಾಟಿತ್ತೆಂದು ಮಾರಿದವನಿಗೇ ನೆನಪಿರಲಿಲ್ಲ. ಆದರೂ ಸೆಕೆಂಡ್ ಹ್ಯಾಂಡ್ ಎಂದರೆ ಭಾವ ಒಪ್ಪರು. “ಪ್ರೀ-ಓನ್ಡ್ ಅನ್ನಬೇಕು,” ಎಂದು ತಿದ್ದುತ್ತಾರೆ. ಹಾಗೆ ನೋಡಿದರೆ ಎಂಜಲೂ ಎಂಜಲಲ್ಲ, ಪೂರ್ವಭುಕ್ತ. ಐಷಾರಾಮಿ ಕಾರು ಎನ್ನುತ್ತಾರಲ್ಲ, ಅದರಲ್ಲಿ ಐಷನ್ನು ಹಿಂದಿನವರು ಮಾಡಿ ಮುಗಿಸಿದ್ದರು. ಆರಾಮು ನಮಗೆ ಇರಲಿಲ್ಲ.

ಭಾವ ವೃತ್ತಿಯಲ್ಲಿ ಸಲಹೆಗಾರರು. ಯಾರಿಗೆ, ಯಾವುದರ ಸಲಹೆ ಎಂದು ಕೇಳಬಾರದು. ಯಾರೂ ಕೇಳುವುದೂ ಇಲ್ಲ, ಅದೇ ತೊಂದರೆ. ಮನೆ ನಡೆಯುವುದು ಅಕ್ಕನ ಕೇಕಿನಿಂದ. ಅಡುಗೆಮನೆಯಲ್ಲಿ ಒಂದು ದೊಡ್ಡ ಓವನ್, ಊಟದ ಮೇಜಿನ ಮುಕ್ಕಾಲು ಭಾಗ ತವರದ ಅಚ್ಚುಗಳು, ಫ್ರಿಜ್ಜಿನ ತುಂಬ ಬೆಣ್ಣೆ. ಮದುವೆ, ನಾಮಕರಣ, ನಿವೃತ್ತಿ, ಯಾವುದಕ್ಕಾದರೂ ಸರಿ, ಅಂತಸ್ತಿನ ಮೇಲೆ ಅಂತಸ್ತು ಏರಿಸಿ ಕಟ್ಟಿಕೊಡುತ್ತಾಳೆ. ಭಾವ ಬಂದವರಿಗೆಲ್ಲ, “ಇವಳಿಗೆ ಹಿಟ್ಟು ಕಲಸೋದು ಒಂದು ಹವ್ಯಾಸ,” ಎಂದು ಪರಿಚಯಿಸುತ್ತಾರೆ. ಆ ಹವ್ಯಾಸದಿಂದ ಬಂದ ಅಂಗಿಯನ್ನೇ ತೊಟ್ಟುಕೊಂಡು ಹೇಳುತ್ತಾರೆ.

ಅಕ್ಕನಿಗೊಂದು ಬಿಳಿ ವ್ಯಾನ್ ಇತ್ತು. ನೋಡಲು ರೊಟ್ಟಿ ಡಬ್ಬಿಯ ಹಾಗೆ, ಓಡಲು ಗಡಿಯಾರದ ಹಾಗೆ. ಒಂದು ದಿನ ಭಾವ ಅದನ್ನು ತೊಳೆಸಿಕೊಂಡು ಬರುತ್ತೇನೆಂದು ಒಯ್ದರು, ಕಪ್ಪು ಸೆಡಾನಿನಲ್ಲಿ ಬಂದರು. ವ್ಯಾನು ಎಕ್ಸ್‌ಚೇಂಜಿಗೆ ಹೋಗಿತ್ತು.

“ರೀ, ಕೇಕ್ ಯಾವುದರಲ್ಲಿ ತಗೊಂಡು ಹೋಗ್ಲಿ?” ಎಂದು ಅಕ್ಕ ಕೇಳಿದಳು.

“ಇದರ ಡಿಕ್ಕಿ ನೋಡಿದೀಯಾ? ನಿನ್ನ ಅಡುಗೆಮನೆಗಿಂತ ದೊಡ್ಡದು.”

ಅಕ್ಕ ನೋಡಿದಳು. ಒಳಗೆ ಹೋಗಿ ಮೊಟ್ಟೆ ಕದಡಿದಳು. ಆ ಸದ್ದು ಬೀದಿಗೆ ಕೇಳಿಸಿತು.

ಕಾರಿನ ರೋಗ ಎಂಜಿನ್ನಿನದಲ್ಲ, ಕರೆಂಟಿನದು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಿಂದಿನ ಗಾಜು ಇಳಿಯುತ್ತಿತ್ತು. ಬ್ರೇಕು ಒತ್ತಿದರೆ ವೈಪರು ಒಮ್ಮೆ ಕೈಯೆತ್ತಿ, ಯಾಕೆ ಎತ್ತಿದೆನೆಂದು ಮರೆತವರ ಹಾಗೆ ಅಲ್ಲೇ ನಿಲ್ಲುತ್ತಿತ್ತು. ರೇಡಿಯೋ ಹಾಕಿದರೆ ಹೆಡ್‌ಲೈಟು ಕಣ್ಣು ಹೊಡೆಯುತ್ತಿತ್ತು. ಆ ಕಾರಣಕ್ಕೆ ಎದುರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಹೆಂಗಸೊಬ್ಬರಿಂದ ಭಾವ ನಡುರಸ್ತೆಯಲ್ಲಿ ಮಂಗಳಾರತಿ ಮಾಡಿಸಿಕೊಂಡಿದ್ದರು. ವಯರಿಗೂ ವಯರಿಗೂ ಹುಟ್ಟಾ ವೈರ. ಸೀಟಿಗೆ ಜ್ಞಾಪಕಶಕ್ತಿ ಇದೆಯೆಂದು ಮಾರಿದವನು ಹೊಗಳಿದ್ದನಂತೆ. ಇತ್ತು, ನಿಜ. ಅದಕ್ಕೆ ನೆನಪಿದ್ದದ್ದು ಯಾವನೋ ಕುಳ್ಳ. ಕೀ ತಿರುಗಿಸಿದ ಕೂಡಲೇ ಸೀಟು ಮೆಲ್ಲಗೆ ಮುಂದೆ ಸರಿದು ಆರಡಿಯ ಭಾವನ ಮೊಣಕಾಲನ್ನು ಗಲ್ಲಕ್ಕೆ ತಂದು ಮುಟ್ಟಿಸುತ್ತಿತ್ತು. ಹಾಗೆ ಮುದುಡಿ ಕೂತು ಅವರು ಬೀದಿಯ ಜನಕ್ಕೆ ಕೈ ಬೀಸುತ್ತಿದ್ದರು.

ಡ್ಯಾಶ್‌ಬೋರ್ಡಿನೊಳಗೆ ಒಬ್ಬಳು ಹೆಂಗಸೂ ಇದ್ದಳು. ಹಿಂದಿನ ಮಾಲೀಕ ಅವಳನ್ನು ಯಾವ ಭಾಷೆಗೆ ಹಾಕಿದ್ದನೋ, ನಮ್ಮಲ್ಲಿ ಯಾರಿಗೂ ತಿಳಿಯದು. ಸದಾ ಬೇಸರದಲ್ಲಿ ಮಾತಾಡುತ್ತಿದ್ದಳು.

“ಏನಂತಾಳೆ ಭಾವ?”

“ಸ್ವಾಗತ ಅಂತಿದಾಳೆ.”

ನಾನು ಅವಳ ರಾಗವನ್ನೇ ಹಿಡಿದು ಕನ್ನಡಕ್ಕೆ ಇಳಿಸಿದೆ: “ಮಾನ್ಯರೇ, ಹಿಂದಿನ ಬಾಗಿಲು ತೆರೆದಿದೆ. ಮುಂದಿನವರ ಕಣ್ಣು ಮುಚ್ಚಿದೆ. ದಯವಿಟ್ಟು ಇಳಿದು ನಡೆಯಿರಿ.”

ಹಿಂದೆ ಕೂತಿದ್ದ ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು. ಭಾವ ಬ್ರೇಕು ಒತ್ತಿದರು. ವೈಪರು ಕೈಯೆತ್ತಿತು.

“ನೋಡಪ್ಪ ಭಾಮೈದ, ಇದೆಲ್ಲ ಫೀಚರ್. ಮಾಮೂಲಿ ಗಾಡಿಯಲ್ಲಿ ಇರಲ್ಲ.”

“ಫೀಚರ್ ಅಲ್ಲ ಭಾವ, ಪಿಶಾಚರ್.”

ಹೀಗೇ ನಗೆಯಾಡಿಕೊಂಡು ಹೋಗಬಹುದಿತ್ತು. ಅಷ್ಟರಲ್ಲಿ ಅಕ್ಕನಿಗೆ ದೊಡ್ಡ ಹೋಟೆಲೊಂದರಿಂದ ಕರೆ ಬಂತು. ಅವರ ಮದುವೆ ಹಾಲ್‌ಗಳಿಗೆ ವಾರವಾರ ಕೇಕು ಬೇಕು. ಮಾದರಿಗೆ ಮೂರಂತಸ್ತಿನದೊಂದು ಮಾಡಿ ಶುಕ್ರವಾರ ಮಧ್ಯಾಹ್ನದೊಳಗೆ ತಂದು ಮೇಜಿನ ಮೇಲಿಡಬೇಕು. ಇನ್ನೊಂದು ಬೇಕರಿಯವರೂ ತರುತ್ತಾರೆ. ಯಾರದು ರುಚಿಸಿತೋ ಅವರಿಗೆ ಕೆಲಸ. ಅದು ಸಿಕ್ಕರೆ ಅಕ್ಕ ಅಡುಗೆಮನೆ ಬಿಟ್ಟು ಒಂದು ಅಂಗಡಿ ಹಿಡಿಯಬಹುದು, ಬಾಗಿಲ ಮೇಲೆ ಬೋರ್ಡು ಹಾಕಬಹುದು. ‘ಹಿಟ್ಟು ಕಲಸುವ ಹವ್ಯಾಸ’ ಎಂಬ ಮಾತನ್ನು ಇನ್ನು ಕೇಳಿಸಿಕೊಳ್ಳಬೇಕಿಲ್ಲ. ಫೋನು ಇಟ್ಟವಳು ಓವನ್ ಬಾಗಿಲನ್ನು ಬಟ್ಟೆಯಿಂದ ಉಜ್ಜಿದ್ದನ್ನೇ ಉಜ್ಜುತ್ತ ನಿಂತಳು.

“ಟೆಂಪೋ ಹೇಳ್ತೀನಿ,” ಎಂದಳು ಕೊನೆಗೆ.

ಭಾವ ಪೇಪರು ಮಡಿಸಿದರು. “ಮನೇಲಿ ಇಂಥ ಗಾಡಿ ಇಟ್ಕೊಂಡು, ತರಕಾರಿ ಹೇರೋ ಟೆಂಪೋದಲ್ಲಿ ಹೋಗ್ತೀಯಾ? ನನ್ನ ಮರ್ಯಾದೆ ಏನಾಗ್ಬೇಕು?”

“ನಿಮ್ಮ ಮರ್ಯಾದೆನ ಮುಂದಿನ ಸೀಟಲ್ಲಿ ಕೂರಿಸ್ಕೊಳ್ಳಿ. ಕೇಕ್ ಮಾತ್ರ ಅಲ್ಲಾಡಬಾರದು.”

“ರಿಪೇರಿ ಮಾಡಿಸ್ತೀನಿ ಕಣೆ. ಒಂದು ಸ್ಕ್ರೂ ಕೆಲಸ.”

ಆ ಸ್ಕ್ರೂ ಹುಡುಕಿಕೊಂಡು ನಾವಿಬ್ಬರೂ ಕಾರಿನ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ತಗಡಿನ ಶೆಡ್ಡು, ಗೋಡೆಗೆಲ್ಲ ಸತ್ತ ಬಲ್ಬುಗಳು. ಅವನು ಮೊದಲು ಬ್ಯಾಟರಿ ಎಂದ; ಹೊಸ ಬ್ಯಾಟರಿ ಹಾಕಿದ ಮೇಲೆ ಇಲಿ ಎಂದ; ಇಲಿಯ ಗುರುತು ಸಿಗದಾಗ ಮಾರಿದವನ ತಾಯಿಯನ್ನು ನೆನೆದ. ಕೊನೆಗೆ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಡಿಕ್ಕಿಯೊಳಗೆ ಅರ್ಧ ಇಳಿದ. ಭಾವ ಕೈ ಹಿಂದೆ ಕಟ್ಟಿ, ಆಪರೇಷನ್ ಕೋಣೆಯ ಹೊರಗೆ ನಿಂತ ಸಂಬಂಧಿಕರಂತೆ ನಿಂತರು.

ಒಳಗಿಂದ ಟಾರ್ಚು ಕಚ್ಚಿದ ದನಿ ಬಂತು. “ಹಾರ್, ನಿಂ ಗಾಡೀಗ್ ಅರ್ತಿಲ್ಲ.”

“ಏನಿಲ್ಲ?”

“ಅರ್ತ ಹಾರ್, ಅರ್ತ. ಮುಂದ್ಗಡೆ ಏನೋ ಒಂಚೂರಿದೆ. ಹಿಂದ್ಗಡೆ ಪೂರಾ ಅರ್ತಿಲ್ಲ.”

ಭಾವನ ಕಿವಿ ಕೆಂಪಾಯಿತು. “ನೋಡಯ್ಯಾ, ಅರ್ಥ ಇದೆಯೋ ಇಲ್ವೋ ಅನ್ನೋದು ಓಡಿಸೋರಿಗೆ ಗೊತ್ತಿರುತ್ತೆ. ಅಭಿರುಚಿ ಅಂತ ಒಂದಿರುತ್ತೆ.”

“ಅಭಿರುಚಿ ಇದ್ರೆ ಕರೆಂಟ್ ಹರಿಯಲ್ಲ ಹಾರ್. ಅರ್ತಾನೇ ಬೇಕು. ಇಷ್ಟು ದಿನ ಅರ್ತಿಲ್ದೇ ಹೆಂಗ್ ಓಡ್ಸಿದ್ರಿ?”

“ನನ್ನ ಹೆಂಡತಿ ಕೂಡ ಇಷ್ಟು ನೇರವಾಗಿ ಹೇಳಿಲ್ಲ.”

“ಅವ್ರಿಗೂ ಗೊತ್ತಾಗಿರುತ್ತೆ ಹಾರ್. ಒಂದ್ ಹೇಳಿದ್ರೆ ಇನ್ನೊಂದ್ ಮಾಡುತ್ತಲ್ಲ.”

ನಾನು ನಡುವೆ ಬಾಯಿ ಹಾಕಿದೆ. “ಭಾವ, ಅವನು ಹೇಳ್ತಿರೋದು ಆ ಅರ್ಥ ಅಲ್ಲ—”

“ನೀನು ಅನುವಾದ ಮಾಡಬೇಡ. ನನಗೂ ಕನ್ನಡ ಬರುತ್ತೆ.”

ಬಂದದ್ದೇ ಕಷ್ಟವಾಯಿತು. ಎಲ್ಲರನ್ನೂ ಹಗುರವಾಗಿ ಕಾಣುವವರಿಗೆ ಒಂದು ಶಿಕ್ಷೆಯಿದೆ: ಯಾರು ಏನು ಹೇಳಿದರೂ ತಮ್ಮನ್ನೇ ಹಗುರ ಮಾಡಿದ ಹಾಗೆ ಕೇಳಿಸುತ್ತದೆ. ಎಲೆಕ್ಟ್ರಿಷಿಯನ್ನನ ಕಾಲುಗಳಿನ್ನೂ ಡಿಕ್ಕಿಯ ಹೊರಗೆ ನೇತಾಡುತ್ತಿರುವಾಗಲೇ ಭಾವ ಕೀ ತಿರುಗಿಸಿದರು. ಅವನು ಜಿಗಿದು ಪಕ್ಕಕ್ಕೆ ಬಿದ್ದ. ಟಾರ್ಚು ಬಾಯಿಂದ ಜಾರಿದ ಮೇಲೆ ಅವನಾಡಿದ ಮಾತುಗಳು ಮಾತ್ರ ಸ್ಪಷ್ಟವಾಗಿದ್ದವು, ಅನುವಾದ ಬೇಕಾಗಲಿಲ್ಲ.

ದಾರಿಯಲ್ಲಿ ನಾನು ಬಿಡಿಸಿ ಹೇಳಿದೆ. ಅವನು ಹೇಳಿದ್ದು ಇಂಗ್ಲಿಷಿನ ಅರ್ಥ್, ಅಂದರೆ ನೆಲ. ದೀಪಕ್ಕೆ ಹೋದ ಕರೆಂಟು ಕಾರಿನ ಮೈಯ ಮೂಲಕ ಬ್ಯಾಟರಿಗೆ ವಾಪಸಾಗಬೇಕು. ಆ ಮೈಗೆ ಕಚ್ಚಿಸಿದ ತಂತಿ ತುಕ್ಕು ಹಿಡಿದು ಕಳಚಿದರೆ ಕರೆಂಟಿಗೆ ಮನೆಗೆ ಮರಳುವ ದಾರಿಯೇ ಇಲ್ಲ. ಅದು ಪಕ್ಕದವರ ಅಂಗಳಕ್ಕೆ ನುಗ್ಗುತ್ತದೆ. ಆದ್ದರಿಂದಲೇ ಇಂಡಿಕೇಟರಿನ ಪಾಲು ಗಾಜಿಗೆ, ಬ್ರೇಕಿನ ಪಾಲು ವೈಪರಿಗೆ.

ಭಾವ ಮೊಣಕಾಲ ನಡುವಿನಿಂದ ರಸ್ತೆ ನೋಡುತ್ತಿದ್ದರು.

“ಗೊತ್ತಿತ್ತು ನನಗೆ,” ಎಂದರು. “ಅವನನ್ನ ಪರೀಕ್ಷೆ ಮಾಡ್ತಿದ್ದೆ.”

“ಹಾಗಾದ್ರೆ ವಾಪಸ್ ಹೋಗೋಣ. ಅರ್ಧ ಗಂಟೆ ಕೆಲಸ.”

“ಪರೀಕ್ಷೆಯಲ್ಲಿ ಅವನು ಫೇಲು.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವೇ ಇಲ್ಲವೆಂದು ತೋರಿಸಿಕೊಟ್ಟರೂ ನಮ್ಮವರು ಕುಣಿತ ನಿಲ್ಲಿಸಲಿಲ್ಲ. ಮನೆಯಲ್ಲಿ ಅಕ್ಕ ಕ್ರೀಮು ಬಡಿಯುತ್ತಿದ್ದಳು. “ಏನಂದ ಎಲೆಕ್ಟ್ರಿಷಿಯನ್ನು?” ಎಂದು ಕೇಳಿದಳು.

“ಗಾಡಿಗೆ ಅರ್ಥ್ ಇಲ್ಲವಂತೆ,” ಎಂದೆ ನಾನು.

“ಇದನ್ನ ಹೇಳೋಕೆ ಶೆಡ್ಡಿಗೆ ಹೋಗಬೇಕಿತ್ತಾ,” ಎಂದು ಅವಳು ಕ್ರೀಮಿನ ಕಡೆ ತಿರುಗಿದಳು.

ಆ ಸಂಜೆ ಭಾವ ಸ್ವತಃ ಕಾರಿನ ಕೆಳಗೆ ಹೋದರು. ಹಳೆಯ ಇಸ್ತ್ರಿಪೆಟ್ಟಿಗೆಯ ವಯರು ಕತ್ತರಿಸಿ, ಒಂದು ತುದಿಯನ್ನು ಡಿಕ್ಕಿಯ ದೀಪಕ್ಕೂ ಇನ್ನೊಂದನ್ನು ಅದರ ಮುಚ್ಚಳ ತಿರುಗುವ ಕೀಲಿಗೂ ಸುತ್ತಿ, ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದರು. ಎದ್ದು ಬಂದು ಬಟನ್ ಒತ್ತಿದರು. ಡಿಕ್ಕಿ ನಿಟ್ಟುಸಿರು ಬಿಟ್ಟು ತೆರೆಯಿತು. ಒತ್ತಿದರು, ಮುಚ್ಚಿತು. ಅಕ್ಕನನ್ನು ಕರೆದು ತೋರಿಸಿದರು, ಎದುರುಮನೆಯವರನ್ನು ಕರೆದು ತೋರಿಸಿದರು. ಇಂಡಿಕೇಟರು ಹಾಕಿದರೆ ಇಂಡಿಕೇಟರೇ ಮಿನುಗಿತು. ಇಷ್ಟು ಸಾಮಾನ್ಯ ಸಂಗತಿಗೆ ಒಂದು ಬೀದಿ ಚಪ್ಪಾಳೆ ತಟ್ಟಿದ್ದನ್ನು ನಾನು ಮೊದಲ ಸಲ ನೋಡಿದೆ.

“ಈಗೇನಂತೀಯಪ್ಪ ಭಾಮೈದ?”

“ಭಾವಾರ್ಥ ಸಿಕ್ಕಿತು,” ಎಂದೆ. ಅವರಿಗೆ ಅದು ಹೊಗಳಿಕೆಯಾಗಿ ಕೇಳಿಸಿತು, ಅದೇ ಆಶ್ಚರ್ಯ.

ಅಕ್ಕನೂ ಡಿಕ್ಕಿಯನ್ನು ತಾನೇ ಹಲವು ಸಲ ತೆಗೆದು ಹಾಕಿ ನೋಡಿದಳು. ಸಮತಟ್ಟಾದ ಜಾಗ, ದೊಡ್ಡ ಪೆಟ್ಟಿಗೆ ಅಲುಗದೆ ಕೂರುತ್ತದೆ. ಟೆಂಪೋದವನಿಗೆ ಬೇಡವೆಂದು ಹೇಳಿದಳು.

ಶುಕ್ರವಾರ ಮೂರು ಅಂತಸ್ತುಗಳೂ ಮೂರು ಪೆಟ್ಟಿಗೆಗಳಲ್ಲಿ ಡಿಕ್ಕಿ ಸೇರಿದವು. ಹೋಟೆಲಿನಲ್ಲೇ ಒಂದರ ಮೇಲೊಂದು ಕೂರಿಸುವುದು ಪದ್ಧತಿ. ಅಕ್ಕ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಚಾಕು, ಕ್ರೀಮು ಸವರುವ ಕರಣೆ, ಮಿಕ್ಕ ಕ್ರೀಮು ತುಂಬಿದ ಚೀಲ. ಪ್ರತಿ ಹಳ್ಳಕ್ಕೂ ಅವಳ ಉಸಿರು ನಿಲ್ಲುತ್ತಿತ್ತು. ಭಾವ ಮಾತ್ರ ರಾಜಮಾರ್ಗದಲ್ಲಿ ಮೆರವಣಿಗೆ ಹೊರಟವರಂತೆ ನಿಧಾನವಾಗಿ, ಎರಡೂ ಬದಿ ನೋಡುತ್ತ ನಡೆಸಿದರು. ಡ್ಯಾಶ್‌ಬೋರ್ಡಿನವಳು ಒಂದೆರಡು ಸಲ ಏನೋ ಎಚ್ಚರಿಸಿದಳು. ಸ್ವಾಗತ ಎಂದುಕೊಂಡೆವು.

ಹೋಟೆಲಿನ ಮುಂಬಾಗಿಲಲ್ಲಿ ಬಿಸಿಲು ನೇರವಾಗಿ ಬೀಳುತ್ತಿತ್ತು. ಹಿತ್ತಾಳೆ ಗುಂಡಿಗಳ ಕೋಟು ತೊಟ್ಟ ಬಾಗಿಲ ಕಾವಲಿನವ ಬಂದು ಕಾರಿನ ಬಾಗಿಲು ತೆರೆದ. ಭಾವ ತಾವೇ ಕೇಕೆಂಬಂತೆ ಇಳಿದರು. ಇಳಿದು, ಡಿಕ್ಕಿಯ ಬಟನ್ ಒತ್ತಿದರು.

ಹಾರನ್ ಹೊಡೆದುಕೊಂಡಿತು.

ಮತ್ತೆ ಒತ್ತಿದರು. ಹಾರನ್ ನಿಲ್ಲಲಿಲ್ಲ, ಅದರ ಜೊತೆಗೆ ಹಿಂದಿನ ಗಾಜಿನ ಪರದೆ ಏರಿತು. ಮೂರನೆಯ ಸಲಕ್ಕೆ ಪರದೆ ಇಳಿಯಿತು, ಸೀಟು ಮುಂದೆ ಸರಿಯಿತು. ಡಿಕ್ಕಿ ತುಟಿ ಬಿಗಿದು ಕೂತಿತ್ತು. ಒಳಗೆ ಕೇಕು, ಹೊರಗೆ ಕೇಕೆ.

“ಕೀ ಹಾಕಿ ತೆಗೀರಿ,” ಎಂದಳು ಅಕ್ಕ.

“ಇಂಥ ಗಾಡಿಗೆ ಡಿಕ್ಕಿಗೆಲ್ಲ ಕೀ ತೂತು ಇರಲ್ಲ. ಎಲ್ಲಾ ಎಲೆಕ್ಟ್ರಿಕ್.”

“ಹಾಗಾದ್ರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.”

“ಅವನಿಗೆ?” ಭಾವ ಬೆವರು ಒರೆಸಿಕೊಂಡರು. “ಅವನ ಮುಂದೆ ನಾನು ಕೈ ಚಾಚ್ಲಾ? ಐದು ನಿಮಿಷ ತಡಿ, ತಾನಾಗೇ ಸರಿಹೋಗುತ್ತೆ. ಒಳಗೆ ಹೋಗಿ ಐದು ನಿಮಿಷ ಅಂತ ಹೇಳು.”

ಹೇಳಲು ನಾನು ಓಡಿದೆ. ಹೋಟೆಲಿನ ಶೆಫ್ ತೆಳ್ಳಗಿನ, ನಿಧಾನದ ಮನುಷ್ಯ. ಮೇಜಿನ ಮೇಲೆ ಆಗಲೇ ಇನ್ನೊಬ್ಬರ ಕೇಕು ನಿಂತಿತ್ತು. ಅದರ ಸುತ್ತ ಮ್ಯಾನೇಜರರು ಫೋರ್ಕು ಹಿಡಿದು ಕೂತಿದ್ದರು.

“ಬಂದಿದೆ ಸಾರ್, ಡಿಕ್ಕಿಯಲ್ಲಿದೆ,” ಎಂದೆ.

“ಮೇಜಿನ ಮೇಲೆ ಬಂದಿರೋದನ್ನ ತಿಂತೀವಿ,” ಎಂದ ಅವನು. “ಡಿಕ್ಕಿಯಲ್ಲಿರೋದನ್ನ ಹೆಂಗೆ ತಿನ್ನೋದು? ಇದನ್ನ ಮುಗಿಸೋವರೆಗೂ ಟೈಮಿದೆ. ನಮ್ಮೋರು ಬೇಗ ತಿಂತಾರೆ.”

ನಾನು ವಾಪಸು ಬರುವಾಗ ಕಾವಲಿನವ ಭಾವನಿಗೆ, “ಸಾರ್, ಗಾಡಿ ತೆಗೀರಿ, ಬೇರೆ ಗಾಡಿ ಬರ್ತಿದೆ,” ಎನ್ನುತ್ತಿದ್ದ. ಮೊದಲಿನ ಸಲಾಮು ಅವನ ಕೈಯಿಂದ ಮಾಯವಾಗಿತ್ತು. ಅಕ್ಕ ಅಂಗೈಯನ್ನು ಡಿಕ್ಕಿಯ ತಗಡಿನ ಮೇಲಿಟ್ಟಳು, ಸರಕ್ಕನೆ ತೆಗೆದಳು. ಕಪ್ಪು ಬಣ್ಣ, ಬಿಸಿಲು, ಒಳಗೆ ಬೆಣ್ಣೆ.

ಅವಳು ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಮೊಣಕಾಲೂರಿದಳು.

“ಏ, ಚಪ್ಪಲಿ,” ಎಂದರು ಭಾವ. “ಲೆದರ್ ಅದು.”

ಅಕ್ಕ ತಿರುಗಿ ಅವರನ್ನು ನೋಡಿದಳು. ಕ್ರೀಮು ಒಡೆದಿದೆಯೋ ಇಲ್ಲವೋ ಎಂದು ಪಾತ್ರೆ ಬಗ್ಗಿಸಿ ನೋಡುತ್ತಾಳಲ್ಲ, ಆ ನೋಟ. ಒಡೆದಿದೆ ಎಂದು ತೀರ್ಮಾನಿಸಿದ ಹಾಗಿತ್ತು. ಕೇಕು ಅಡ್ಡ ಸೀಳುವ ಗರಗಸದ ಹಲ್ಲಿನ ಉದ್ದ ಚಾಕನ್ನು ಚೀಲದಿಂದ ತೆಗೆದು, ಸೀಟಿನ ಬೆನ್ನಿಗೆ ಮೇಲಿನ ಹೊಲಿಗೆಯಿಂದ ಹಾಕಿದಳು. ಆತುರವಿಲ್ಲ. ಪದರ ಹಾಳಾಗದಂತೆ ಸಮನಾಗಿ ಎಳೆಯುವ ಅದೇ ಕೈ. ಚರ್ಮ ಬಾಯಿಬಿಟ್ಟಿತು.

ಭಾವನ ಬಾಯಿಂದ ಬಂದ ಸದ್ದು ಹಾರನ್ನಿನಲ್ಲಿ ಮುಳುಗಿಹೋಯಿತು. “ಹುಚ್ಚು ಹಿಡಿದಿದೆಯೇನೇ ನಿನಗೆ? ಅದು ಒರಿಜಿನಲ್ ಲೆದರ್ ಕಣೆ.”

“ಕೇಕೂ ಒರಿಜಿನಲ್ಲೇ,” ಎಂದಳು ಅಕ್ಕ. “ನೀನು ಆ ಕಡೆಯಿಂದ ಹಿಡ್ಕೋ.” ಎರಡನೆಯದು ನನಗೆ.

ಹಿಡಿದುಕೊಂಡೆ. ಸ್ಪಂಜು ಮುದ್ದೆಮುದ್ದೆಯಾಗಿ ಬಂತು. ಅದರ ಹಿಂದೆ ಉಕ್ಕಿನ ಹಲಗೆ ಇರಬಹುದೆಂದು ಹೆದರಿದ್ದೆ. ಇದ್ದದ್ದು ದಪ್ಪನೆಯ ರಟ್ಟು. ಅಷ್ಟು ಗತ್ತಿನ ಬೆನ್ನೆಲುಬು ರಟ್ಟಿನದು. ಅಕ್ಕ ಹಿಮ್ಮಡಿಯಿಂದ ಎರಡು ಒದೆ ಕೊಟ್ಟಳು. ಅವು ರಟ್ಟಿಗೆ ಮಾತ್ರ ಕೊಟ್ಟ ಒದೆಗಳೆಂದು ನಾನು ಪ್ರಮಾಣ ಮಾಡಲಾರೆ. ಒಳಗಿನ ಬಿಸಿಗಾಳಿ ವೆನಿಲ್ಲಾ ವಾಸನೆಯೊಂದಿಗೆ ನಮ್ಮ ಮುಖಕ್ಕೆ ಹೊಡೆಯಿತು. ಚಿಕ್ಕ ಪೆಟ್ಟಿಗೆಗಳು ಸಲೀಸಾಗಿ ಬಂದವು. ತಳದ ಅಂತಸ್ತಿನ ಪೆಟ್ಟಿಗೆಯನ್ನು ವಾಲಿಸದೆ ವಿಧಿಯಿರಲಿಲ್ಲ; ಒಳಗೆ ಏನೋ ಜಾರಿ ಒಂದು ಬದಿಗೆ ಒರಗಿದ್ದು ಕೈಗೆ ತಿಳಿಯಿತು. ಅಕ್ಕನಿಗೂ ತಿಳಿಯಿತು. ಹಲ್ಲು ಕಚ್ಚಿದಳು, ನಡೆದಳು.

ಮೇಜಿನ ಬಳಿ ಪೆಟ್ಟಿಗೆ ಬಿಚ್ಚಿದಾಗ ಒಂದು ಬದಿ ಜಜ್ಜಿ, ಕೆನ್ನೆಯೂದಿದವರ ಮುಖದಂತಿತ್ತು. ಮ್ಯಾನೇಜರರೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಅಂದು ನಕ್ಕರು. ಅಕ್ಕ ಅವರ ಕಡೆ ನೋಡಲಿಲ್ಲ. ಜಜ್ಜಿದ ಬದಿಯನ್ನು ತೊಳೆದ ಚಾಕಿನಿಂದ ನೇರಕ್ಕೆ ಕತ್ತರಿಸಿ ತೆಗೆದಳು, ಉಳಿದ ಮೂರು ಬದಿಯನ್ನೂ ಅಷ್ಟೇ ಕತ್ತರಿಸಿದಳು, ದುಂಡಗಿದ್ದದ್ದನ್ನು ಚೌಕ ಮಾಡಿದಳು. ಕರಣೆಯಲ್ಲಿ ಕ್ರೀಮು ಎಳೆದು ಮೂಲೆ ನಿಲ್ಲಿಸಿದಳು. ಅದರ ಮೇಲೆ ದುಂಡನೆಯ ಎರಡು ಅಂತಸ್ತು. ಮೊದಲಿಂದಲೂ ಹೀಗೇ ಎಣಿಸಿದ್ದೆನೆಂಬ ಹಾಗೆ ಹಿಂದೆ ಸರಿದು ನಿಂತಳು. ಕೈಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಶೆಫ್ ಒಂದು ತುಂಡು ತಿಂದ. ಇನ್ನೊಂದು ತಿಂದ. ಅವನು ಅಗಿಯುವಷ್ಟು ಹೊತ್ತೂ ಹೊರಗಿನಿಂದ ಹಾರನ್ ಕೇಳುತ್ತಿತ್ತು, ದಣಿದು, ಎಳೆದೆಳೆದು, ಹೊಸ ಬ್ಯಾಟರಿ ಪ್ರಾಣ ಬಿಡುವ ರಾಗದಲ್ಲಿ.

“ಗೆದ್ದ ಕೇಕ್ ನಿಮ್ಮದೇ,” ಎಂದ ಅವನು ಕೊನೆಗೆ. “ಕೆಲಸಾನೂ ನಿಮ್ಮದೇ. ಆದ್ರೆ ಒಂದು ಮಾತು. ಹೊರಗಡೆ ಗಲಾಟೆ ಮಾಡ್ತಿರೋ ಆಸಾಮಿ ಯಾರು?”

ಅಕ್ಕ ಚಾಕಿನ ಎರಡೂ ಬದಿಯನ್ನು ಬಟ್ಟೆಯಿಂದ ಒರೆಸಿದಳು. “ಡ್ರೈವರ್.”

“ಬಾಡಿಗೆಯವನಾ?”

“ಬಹಳ ವರ್ಷದಿಂದ ಇದಾನೆ. ಬಿಡಿಸೋಕೆ ಮನಸ್ಸಾಗಿರಲಿಲ್ಲ.”

“ಇನ್ನು ಬಿಡಿಸಿ. ವಾರವಾರ ನಮ್ಮ ಗಾಡೀನೇ ನಿಮ್ಮ ಮನೆಗೆ ಬಂದು ತಗೊಂಡು ಹೋಗುತ್ತೆ. ಪಾಪ, ಬಿಸಿಲಲ್ಲಿ ನಿಂತಿದಾನೆ. ಹಿಂದ್ಗಡೆ ಸ್ಟಾಫ್ ಊಟ ನಡೀತಿದೆ, ಕಳಿಸಿ ಅವನನ್ನೂ.”

ಅಕ್ಕ ನನ್ನ ಕಡೆ ನೋಡಿದಳು. ನಾನು ಹೊರಗೆ ಬಂದೆ. ಹಾರನ್ ನಿಂತಿತ್ತು. ಭಾವ ಸೀಳಿದ ಸೀಟಿನಿಂದ ಉದುರಿದ ಸ್ಪಂಜನ್ನು ಮತ್ತೆ ಒಳಗೆ ತುರುಕಲು ನೋಡುತ್ತಿದ್ದರು. ಒಂದು ಕಡೆ ತುರುಕಿದರೆ ಇನ್ನೊಂದು ಕಡೆ ಹೊರಬರುತ್ತಿತ್ತು. ಅಂಗಿ ಬೆನ್ನಿಗೆ ಅಂಟಿತ್ತು.

“ಏನಾಯ್ತು?”

“ಕೆಲಸ ಅಕ್ಕನಿಗೇ ಸಿಕ್ತು.”

“ಸಿಗದೇ ಇರುತ್ತಾ. ಇಂಥ ಗಾಡಿಯಲ್ಲಿ ಬಂದಿಳಿದ್ರೆ ಅದರ ಪ್ರಭಾವವೇ ಬೇರೆ.” ಸ್ಪಂಜಿನ ಚೂರೊಂದನ್ನು ಅಂಗಿಯಿಂದ ಕೊಡವಿಕೊಂಡರು. “ನನ್ನ ವಿಷಯ ಬಂತಾ?”

“ಬಂತು ಭಾವ. ಡ್ರೈವರಿಗೆ ಹಿಂದ್ಗಡೆ ಊಟ ಹೇಳಿದಾರೆ.”

ಭಾವನ ಕೈ ನಿಂತಿತು. ನನ್ನನ್ನು ನೋಡಿದರು, ಹೋಟೆಲಿನ ಗಾಜಿನ ಬಾಗಿಲನ್ನು ನೋಡಿದರು. ಕಾವಲಿನವ ಆ ಕಡೆಯಲ್ಲ, ಈ ಕಡೆ ಎಂದು ಬೆರಳಿನಿಂದ ಹಿಂಬದಿಯ ಓಣಿ ತೋರಿಸಿದ. ಗಂಟಲು ಸರಿಪಡಿಸಿಕೊಂಡು, ಯಾರಿಗೂ ಕೇಳದಷ್ಟು ಮೆಲ್ಲಗೆ ಭಾವ ಕೇಳಿದರು:

“ಏನಿದೆಯಂತೆ ಊಟಕ್ಕೆ?”